ಮಸೀದಿ ಬಂದರಿನಲ್ಲಿ ಕಪ್ಪು ಪರದೆ

ಶನಿವಾರ ಸಂಜೆ ಅಪ್‌ಗ್ರೇಡ್ ಮಾಡಿದ್ದು ನಾನೇ.
ಬೇರೆ ಯಾರನ್ನೂ ಬೈಯುವಂತಿಲ್ಲ.
ನೂರಕ್ಕೆ ನೂರು ಆಯಿತು ಎಂದಿತು, ಆರಿಸಿ ಹೊತ್ತಿಸು ಎಂದಿತು,
ಹೊತ್ತಿಸಿದೆ. ಕಂಪನಿಯ ಲಾಂಛನ ಒಂದು ಕ್ಷಣ,
ಆಮೇಲೆ ಕಪ್ಪು.

ಕಪ್ಪೆಂದರೆ ಆರಿಸಿದ ಪರದೆಯ ಕಪ್ಪಲ್ಲ.
ಹಿಂದಿನಿಂದ ಬೆಳಕು ಬೀಳುತ್ತಲೇ ಇರುವ,
ಕಣ್ಣು ಬಿಟ್ಟುಕೊಂಡೇ ಸುಮ್ಮನಿರುವ ಕಪ್ಪು.
ಮೂಲೆಯಲ್ಲಿ ಮಿಟುಕಬೇಕಾದ ಅಡ್ಡಗೆರೆಯೂ ಇಲ್ಲ.

ಕೆಳಗೆ ಹಮಾಲರು ಕೊನೆಯ ಕೈಗಾಡಿ ತಳ್ಳುತ್ತಿದ್ದಾರೆ.
ಮೂರನೇ ಮಾಳಿಗೆಯವರೆಗೂ ಇಂಗಿನ ಘಾಟು;
ಇಲ್ಲಿ ಸರ್ವರಿನ ಫ್ಯಾನಿಗೆ ಹಿಡಿದ ಧೂಳಿಗೂ ಅದೇ ವಾಸನೆ.
ಹೀರ್ಜಿ ಶೇಠರು ಗಾದಿಯ ಮೇಲೆ ಕೂತು
ದಿನದ ಲೆಕ್ಕ ಗಟ್ಟಿಯಾಗಿ ಓದುತ್ತಿದ್ದಾರೆ:
ಏಲಕ್ಕಿ ಇಷ್ಟು ಚೀಲ, ಜಾಪತ್ರೆ ಇಷ್ಟು, ಉದ್ರಿ ಇಷ್ಟು,
ಎದುರಿನ ಲೋಡಿಗೆ.
ಅಲ್ಲಿ ತಮ್ಮ ವೇಲ್ಜಿ ಕೂರುತ್ತಿದ್ದರಂತೆ.
ನಾನು ಸೇರುವುದಕ್ಕೆ ಮೊದಲಿನ ಮಾತು.

"ಸತ್ತಿತಾ?" ಎಂದರು ಪೇಡ್ಣೇಕರ್, ಬೀಗದ ಗೊಂಚಲು ಕುಲುಕುತ್ತ.
ಕ್ಯಾಪ್ಸ್ ಲಾಕ್ ಒತ್ತಿದೆ. ಹಸಿರು ದೀಪ ಹತ್ತಿತು.
ಒತ್ತಿದೆ. ಆರಿತು.
ಇಲ್ಲ ಪೇಡ್ಣೇಕರ್, ನಾಡಿ ಇದೆ.
ಬಾಯಿ ಹೋಗಿದೆ, ಅಷ್ಟೆ.

ಆಲ್ಟ್ ಹಿಡಿದು ಎಫ್ ಒಂದು, ಎಫ್ ಎರಡು, ಎಫ್ ಮೂರು.
ಕೋಣೆ ಕೋಣೆಗೂ ಹೋಗಿ ಬಂದೆ, ಎಲ್ಲ ಕಡೆ ಕರೆಂಟು ಹೋಗಿದೆ.
ನೆಟ್‌ವರ್ಕಿನಿಂದ ನುಗ್ಗೋಣವೆಂದರೆ
ಅಪ್‌ಗ್ರೇಡ್ ಆ ಹಿತ್ತಿಲ ಬಾಗಿಲಿಗೂ ಅಗುಳಿ ಹಾಕಿದೆ.
ಇಂಥ ಹೊತ್ತಿಗೆಂದೇ ಮಾಡಿಟ್ಟ ಪೆನ್ ಡ್ರೈವ್
ಡೊಂಬಿವಲಿಯಲ್ಲಿ, ಅಕ್ಕಿ ಡಬ್ಬದ ಮುಚ್ಚಳದ ಮೇಲೆ.

ಆಗ ನೆನಪಾದದ್ದು ಮಾಟುಂಗಾದ ಟೈಪಿಂಗ್ ಕ್ಲಾಸು.
ಸಪ್ರೆ ಬಾಯಿ ನಮ್ಮ ಕೈಗಳ ಮೇಲೆ ಚೌಕಳಿ ಟವೆಲು ಹೊದಿಸಿ
ಎ ಎಸ್ ಡಿ ಎಫ್ ಹೊಡೆಸುತ್ತಿದ್ದರು.
ಇಣುಕಿದರೆ ಗೆಣ್ಣಿಗೆ ಫುಟ್‌ಪಟ್ಟಿ.
ಅಕ್ಷರ ಇರುವುದು ಕಾಗದದಲ್ಲಲ್ಲ, ಬೆರಳಲ್ಲಿ, ಎನ್ನುತ್ತಿದ್ದರು.
ಮರಾಠಿಯಲ್ಲಿ ಅದಕ್ಕೊಂದು ಪ್ರಾಸವೂ ಇತ್ತು.

ಹೆಸರು ಹೊಡೆದೆ. ಎಂಟರ್. ಐದರವರೆಗೆ ಎಣಿಸಿದೆ.
ಪಾಸ್‌ವರ್ಡಿನ ಬಗ್ಗೆ ತಕರಾರಿಲ್ಲ,
ಅದನ್ನು ಯಾವತ್ತೂ ಕತ್ತಲಿಗೇ ಕೊಟ್ಟು ಅಭ್ಯಾಸ.
ಮೊದಲ ಸಲ ತಪ್ಪಿರಬೇಕು; ತಪ್ಪಿತೆಂದು ಹೇಳುವವರೂ ಇಲ್ಲ.
ಎರಡನೆಯ ಸಲ ನಿಧಾನ,
ಕೂಸು ಮಲಗಿದ ಕೋಣೆಯಲ್ಲಿ ಟ್ರಂಕು ತೆಗೆಯುವಷ್ಟು ನಿಧಾನ.
ಆಮೇಲೆ ಒಂದೇ ಅಪ್ಪಣೆ: ಹೊತ್ತಿಕೊಂಡಾಗಿನಿಂದ ನಡೆದದ್ದನ್ನೆಲ್ಲ
ಪರದೆಗೆ ಬೇಡ, ಪ್ರಿಂಟರಿಗೆ ಹೇಳು.

ಏನೂ ಇಲ್ಲ.
ಪೇಡ್ಣೇಕರ್ ಆಕಳಿಸಿದರು.

ಬಿಲ್ಲು ಹೊಡೆಯುವ ಹಳೆಯ ಡಾಟ್ ಮ್ಯಾಟ್ರಿಕ್ಸ್
ಎಡಕ್ಕೊಮ್ಮೆ ಬಲಕ್ಕೊಮ್ಮೆ ಕತ್ತು ಹೊರಳಿಸಿ
ಕಿರ್ರೋ ಎಂದು ಶುರುವಿಟ್ಟಿತು.
ನಿಲ್ಲಲೇ ಇಲ್ಲ. ಹಾಳೆಯ ಮೇಲೆ ಹಾಳೆ, ಪ್ರತಿ ಹಾಳೆಯ ಬುಡಕ್ಕೂ
ಮೊದಲೇ ಅಚ್ಚಾದ ಸಾಲು: ಮಾರಿದ ಮಾಲು ವಾಪಸಿಲ್ಲ.

ಮೊಣಕಾಲೂರಿ ನೆಲದ ಮೇಲೆ ಓದಿದೆ.
ಡಿಸ್ಕು ಕ್ಷೇಮ. ಮೆಮೊರಿ ಕ್ಷೇಮ.
ಹೊಸ ಡ್ರೈವರು ಮಾತ್ರ
ಬೆನ್ನಿನ ಟಿವಿ ತೂತನ್ನು ತಡವಿ ನೋಡಿ
ಇಲ್ಲೊಂದು ಪರದೆ ಇದೆ ಎಂದುಕೊಂಡಿದೆ.
ಅಲ್ಲಿ ಏನೂ ಇಲ್ಲ. ಧೂಳು, ಒಂದು ಜೇಡ.
ಆ ಪರದೆಗೇ ಇದು ಸಂಜೆಯಿಂದ
ಒಂದಕ್ಷರ ಬಿಡದೆ ಎಲ್ಲ ಒಪ್ಪಿಸುತ್ತಿತ್ತು.

ಗಾದಿಯ ಕಡೆ ನೋಡಿದೆ.
ಶೇಠರು ಉದ್ರಿಯ ಕೊನೆಯ ಪುಟದಲ್ಲಿದ್ದರು.
ಮತ್ತೆ ಕೀಲಿಮಣೆಗೆ ಬಗ್ಗಿದೆ.

ಬೂಟಿನ ಸಾಲಿನ ತುದಿಗೆ, ಕುರುಡಾಗಿಯೇ, ಒಂದು ಮಾತು ಸೇರಿಸಿದೆ:
ಆ ತೂತನ್ನು ಲೆಕ್ಕಕ್ಕೆ ಹಿಡಿಯಬೇಡ.
ಹೊತ್ತಿಸಿದೆ.
ಗೋದಾಮಿನ ಬಾಗಿಲು ತೆಗೆದಾಗ ಏಳುವ ಪತಂಗಗಳ ಹಾಗೆ
ಬಿಳಿ ಅಕ್ಷರ ಸುರ್ರನೆ ಮೇಲೇರಿ ಮೇಲೇರಿ
ಕೊನೆಗೆ ಗೆರೆಯೊಂದು ನಿಂತು ಮಿಟುಕಿತು,
ಯಾರು ನೀವು ಎಂದು ಕೇಳಿತು.
"ಇಷ್ಟಕ್ಕಾ?" ಎಂದರು ಪೇಡ್ಣೇಕರ್.
ಇಷ್ಟಕ್ಕೇ.
ಕೊನೆಯ ಲೋಕಲಿಗೆ ಹನ್ನೆರಡು ನಿಮಿಷ ಇತ್ತು. ಓಡಿದೆ.

ಸೋಮವಾರ ಬಂದರೆ ಆ ಹಾಳೆಗಳಿಲ್ಲ.
ಪೇಡ್ಣೇಕರ್ ಅವನ್ನು ಚೌಕ ಚೌಕ ಹರಿದು
ಏಲಕ್ಕಿ ಸ್ಯಾಂಪಲಿನ ಪೊಟ್ಟಣ ಕಟ್ಟುತ್ತಿದ್ದರು.
ಒಂದನ್ನು ಬಿಚ್ಚಿದೆ. ಮೂರು ಕಾಯಿ, ಹಸಿರು;
ಒಳಮೈಯಲ್ಲಿ ಮಾಸಿದ ಶಾಯಿ:
ಪರದೆ ಸಿದ್ಧವಾಗಿದೆ.